ಓಡೀಲ್ ಬರುವ ದಿನ ಒಲೆ ಹಚ್ಚಬಾರದು

ಬೆಳಿಗ್ಗೆ ಆರೂವರೆ. ಹೊರಗೆ ಸೊನ್ನೆಗಿಂತ ಇಪ್ಪತ್ತೊಂಬತ್ತು ಡಿಗ್ರಿ ಕೆಳಗೆ. ಸೇಂಟ್ ಜಾನ್ ನದಿಯ ದಂಡೆಯಲ್ಲಿರುವ ಕ್ಲೋವಿಸ್ ತಿಬೊಡೊ ಅವರ ಅಡುಗೆಮನೆಯಲ್ಲಿ ಅರವತ್ತೊಂದರ ಹೆಂಗಸೊಬ್ಬರು ಬೂಟು ಕಳಚಿಟ್ಟು, ಬರಿಯ ಕಾಲುಚೀಲದ ಪಾದಗಳನ್ನು ನೆಲಕ್ಕೆ ಊರಿ, ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕೂತಿದ್ದಾರೆ. ಒಲೆಯಲ್ಲಿ ಬೂದಿ ಬಿಟ್ಟರೆ ಏನೂ ಇಲ್ಲ. ಮನೆಯ ಯಜಮಾನ ಕಂಬಳಿ ಹೊದ್ದು, ತನ್ನ ಮನೆಯಲ್ಲೇ ತಾನು ಅತಿಥಿಯೇನೋ ಎನ್ನುವ ಹಾಗೆ ಗೋಡೆಗೆ ಒರಗಿದ್ದಾರೆ.

"ಇನ್ನೆಷ್ಟು ಹೊತ್ತು ಓಡೀಲ್? ಹಲ್ಲು ಕಟಕಟ ಅಂತಿದೆ."

"ಕಟ್ಟಿಸಿದ ಹಲ್ಲು, ಬಿದ್ದೋಗಲ್ಲ ಬಿಡಿ. ಚಳಿ ನನ್ನ ಮಂಡಿಗೆ ಬರಬೇಕು. ಇನ್ನೂ ಮೀನಖಂಡದಲ್ಲೇ ಇದೆ."

"ನಲವತ್ತು ವರ್ಷದಲ್ಲಿ ಇವತ್ತೇ ಮೊದಲು ಇವರು ನನಗಿಂತ ಮುಂಚೆ ಎದ್ದಿರೋದು," ಎನ್ನುತ್ತಾರೆ ಕ್ಲೋವಿಸ್ ಹೆಂಡತಿ ಲೊರೆಟ್. "ನೀನು ದಿನಾ ಬಾರೇ ಓಡೀಲ್."

ಕಣ್ಣು ಮುಚ್ಚಿ ಕೂತಿರುವ ಈ ಹೆಂಗಸಿನ ಹೆಸರು ಓಡೀಲ್ ಡೇಗಲ್. ಚಳಿ ಮಂಡಿಗೆ ಬಂದ ಮೇಲೆ ಎದ್ದು, ಕಿಸೆಯಿಂದ ತೆಳ್ಳನೆಯ ಕಾಗದದ ಪಟ್ಟಿಯೊಂದನ್ನು ತೆಗೆದು, ಕಿಟಕಿಯ ಸಂದಿಗೆ, ಬಾಗಿಲಿನ ಅಡಿಗೆ, ಪ್ಲಗ್ ಪಾಯಿಂಟುಗಳಿಗೆ ಹಿಡಿಯುತ್ತಾ ಹೋಗುತ್ತಾರೆ. ಪಟ್ಟಿ ಅಲ್ಲಾಡಿದಲ್ಲಿ ಸೀಮೆಸುಣ್ಣದಿಂದ ಒಂದು ಗೀಟು. ನೆಲಮಾಳಿಗೆಗೆ ಇಳಿಯುವ ಬಾಗಿಲ ಬಳಿ ಪಟ್ಟಿ ಪಟಪಟನೆ ಹೊಡೆದುಕೊಂಡಾಗ ಕ್ಲೋವಿಸ್ ಕಡೆ ಒಂದು ನೋಟ ಹರಿಸುತ್ತಾರೆ. ಕ್ಲೋವಿಸ್ ಮುಖ ತಿರುಗಿಸುತ್ತಾರೆ. ಆ ಬಾಗಿಲನ್ನು ಸರಿ ಮಾಡುತ್ತೇನೆಂದು ಅವರು ಹೆಂಡತಿಗೆ ಹೇಳುತ್ತಾ ಬಂದು ಬಹಳ ಕಾಲವಾಗಿದೆಯಂತೆ.

ಓಡೀಲ್ ಅವರ ಕೆಲಸಕ್ಕೆ ಸರಿಯಾದ ಹೆಸರಿಲ್ಲ. ಯಾವ ಮನೆಗೆ ಯಾವ ಹೀಟ್ ಪಂಪ್, ಎಷ್ಟು ದೊಡ್ಡದು, ಯಾವ ಗೋಡೆಗೆ ಎಂದು ಆರಿಸಿ ಹೇಳುವುದು ಅವರ ಕೆಲಸ. ಬೆಂಗಳೂರಿನ ಗೋಡೆಗಳ ಮೇಲೆ ಕೂತಿರುತ್ತದಲ್ಲ ಏಸಿ, ಅದರ ಒಡಹುಟ್ಟೇ ಇದು. ಒಂದು ಪೆಟ್ಟಿಗೆ ಒಳಗೆ, ಒಂದು ಹೊರಗೆ. ಕೆಲಸ ಮಾತ್ರ ಉಲ್ಟಾ. ಹೊರಗಿನ ಗಾಳಿಯಲ್ಲಿ ಉಳಿದಿರುವಷ್ಟು ಬಿಸಿಯನ್ನು ಹೆಕ್ಕಿ ಒಳಗೆ ತರುತ್ತದೆ. ಮೈನಸ್ ಇಪ್ಪತ್ತೊಂಬತ್ತರ ಗಾಳಿಯಲ್ಲಿ ಎಂಥ ಬಿಸಿ ಎಂದು ಕೇಳಬೇಡಿ. ನಾನು ಕೇಳಿ ಬೈಸಿಕೊಂಡಿದ್ದೇನೆ. "ಚಳಿ ಅನ್ನೋದು ನಮ್ಮ ಮೈಗೆ ಕಣಮ್ಮ," ಎಂದರು ಓಡೀಲ್. "ಮಿಷನ್ನಿಗೆ ಅದಿನ್ನೂ ಬಿಸಿನೇ. ಕಷ್ಟಪಟ್ಟು ಹುಡುಕಬೇಕು, ಅಷ್ಟೆ."

ಪೆಟ್ಟಿಗೆ ಕೂರಿಸುವವರು ಆಮೇಲೆ ಬರುತ್ತಾರೆ. ಅವರಿಗೆ ಕಾಫಿ, ಬಿಸಿಬಿಸಿ ಪ್ಲೋಯ್. (ಒಂದೇ ಮಗ್ಗುಲು ಬೇಯಿಸುವ ಈ ಕಣಿವೆಯ ದೋಸೆ ಅದು, ಹತ್ತೊಂಬತ್ತು ಚಳಿಗಾಲದ ಹಿಂದೆ ಸೊಸೆಯಾಗಿ ಬಂದ ನನ್ನನ್ನು ಇಲ್ಲಿ ನಿಲ್ಲಿಸಿಕೊಂಡದ್ದೇ ಅದು ಎಂದು ಗಂಡನನ್ನು ರೇಗಿಸುತ್ತಿರುತ್ತೇನೆ.) ಕಂಪನಿಯ ಹೆಸರು ಪೆಟ್ಟಿಗೆಯ ಮೇಲೆಯೇ ಇರುತ್ತದೆ. ಮನೆ ಬೆಚ್ಚಗಾದಾಗ ಓಡೀಲ್ ಅಲ್ಲಿರುವುದಿಲ್ಲ. ಅವರು ಬಂದು ಹೋಗುವುದು ಮನೆ ಅತ್ಯಂತ ತಣ್ಣಗಿರುವ ಹೊತ್ತಿನಲ್ಲಿ, ಯಾರಿಗೂ ಯಾರ ಮುಖವೂ ಬೇಡವಾಗಿರುವಾಗ.

ಅದು ಅವರೇ ಮಾಡಿಕೊಂಡ ಕಟ್ಟಳೆ. ಹವೆ ಹಿತವಾಗಿರುವ ದಿನ ಕರೆದರೆ ಬರುವುದಿಲ್ಲ. ವಾರದಲ್ಲಿ ಅತಿ ಚಳಿಯ ಮೂರ್ನಾಲ್ಕು ಬೆಳಗುಗಳನ್ನು ರೇಡಿಯೋ ಕೇಳಿ ಗೊತ್ತು ಮಾಡುತ್ತಾರೆ. ಹಿಂದಿನ ಸಂಜೆಯ ಊಟವಾದ ಮೇಲೆ ಆ ಮನೆಯವರು ಒಲೆಗೆ ಸೌದೆ ಹಾಕಕೂಡದು, ಎಣ್ಣೆಯ ಬಾಯ್ಲರು ಇದ್ದರೆ ಪೈಪುಗಳು ಹೆಪ್ಪುಗಟ್ಟದಷ್ಟು ಮಾತ್ರ ಉರಿಯಬೇಕು. ಇಡೀ ಕಣಿವೆಗೆ ಇದು ಗೊತ್ತು. ಬೆಳಿಗ್ಗೆ ಯಾರದೋ ಚಿಮಣಿಯಲ್ಲಿ ಹೊಗೆ ಕಾಣದಿದ್ದರೆ, "ಓಡೀಲ್ ಬಂದಿದಾಳಾ, ಇಲ್ಲ ಯಾರಾದ್ರೂ ಹೋಗ್ಬಿಟ್ರಾ?" ಎಂದು ಅಕ್ಕಪಕ್ಕದವರು ಮಾತಾಡಿಕೊಳ್ಳುತ್ತಾರೆ.

"ಒಲೆ ಉರೀತಿದ್ರೆ ಎಲ್ಲಾ ಮನೆನೂ ಒಳ್ಳೇ ಮನೇನೇ," ಎನ್ನುತ್ತಾರೆ ಓಡೀಲ್. "ಆರಿದ ಮೇಲೆ ಗೊತ್ತಾಗೋದು ಎಲ್ಲಿಂದ ಸೋರುತ್ತೆ, ಎಷ್ಟೊತ್ತು ಹಿಡ್ಕೊಳ್ಳುತ್ತೆ ಅಂತ."

ಕ್ಲೋವಿಸ್ ಕಾಗದದ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಅವರ ಟ್ರಕ್ಕು ದೊಡ್ಡದು, ಹಿಮ ತಳ್ಳುವ ಯಂತ್ರ ದೊಡ್ಡದು, ಹೀಟ್ ಪಂಪೂ ಎಲ್ಲಕ್ಕಿಂತ ದೊಡ್ಡದೇ ಬೇಕು. ಅಂಗಡಿಯಿಂದ ತಂದ ಬಣ್ಣದ ಹಾಳೆಯನ್ನು ಮೇಜಿನ ಮೇಲೆ ಹರವಿ ಬೆರಳಿಟ್ಟು ತೋರಿಸುತ್ತಾರೆ. ಓಡೀಲ್ ಕನ್ನಡಕ ಏರಿಸಿಕೊಳ್ಳುತ್ತಾರೆ.

"ಈ ದಪ್ಪ ಅಕ್ಷರದಲ್ಲಿದೆಯಲ್ಲ, ಇದು ಅಕ್ಟೋಬರ್ ತಿಂಗಳ ಶಕ್ತಿ. ನಾನು ಕೇಳ್ತಿರೋದು ಜನವರೀದು. ಅದು ಹಿಂದಿನ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಇರುತ್ತೆ. ಮೈನಸ್ ಇಪ್ಪತ್ತೈದರಲ್ಲಿ ಇದರ ಅರ್ಧ ಉಸಿರು ಹೋಗಿರುತ್ತೆ, ನೋಡಿ. ಪಕ್ಕದ್ದು ನೋಡೋಕೆ ಚಿಕ್ಕದು, ಆದ್ರೆ ಆ ಚಳೀಲೂ ಹೆಚ್ಚು ಕಮ್ಮಿ ಪೂರ್ತಿ ಕೊಡುತ್ತೆ."

"ದೊಡ್ಡದಿದ್ರೆ ನಷ್ಟ ಏನೀಗ?"

"ಹವೆ ಚೆನ್ನಾಗಿರೋ ದಿನ ಅದು ಗಬಕ್ಕಂತ ಬಿಸಿ ಮಾಡಿ ನಿಂತುಬಿಡುತ್ತೆ. ಮತ್ತೆ ಶುರು, ಮತ್ತೆ ಬಂದ್. ಕರೆಂಟೂ ತಿನ್ನುತ್ತೆ, ಬೇಗ ಸಾಯುತ್ತೆ. ಮೆಲ್ಲಗೆ ದಿನವಿಡೀ ನಡೀತಿರೋ ಅಂಥದ್ದು ಬೇಕು ನಿಮಗೆ. ಲೊರೆಟ್ ಥರದ್ದು."

"ನನಗೆ ಸಿಕ್ಕಿದ್ದು ಮಾತ್ರ ನೀನು ಹೇಳಿದ ಆ ಮೊದಲನೇ ಥರದ್ದು," ಎಂದು ಲೊರೆಟ್ ಕಾಫಿ ಬಗ್ಗಿಸುತ್ತಾರೆ.

ನವೆಂಬರಿನಿಂದ ಮಾರ್ಚಿನ ತನಕ, ಒಂದು ಬೆಳಗಿಗೆ ಒಂದೇ ಮನೆ. ವರ್ಷಕ್ಕೆ ಅರವತ್ತರಿಂದ ಎಪ್ಪತ್ತು. ಹನ್ನೊಂದು ಚಳಿಗಾಲದಲ್ಲಿ ಆರುನೂರ ಎಂಬತ್ತು ದಾಟಿದೆ. ಒಮ್ಮೊಮ್ಮೆ ನೂರು ಕಿಲೋಮೀಟರ್ ಹಿಮದ ದಾರಿ, ಅದೂ ಸೂರ್ಯ ಹುಟ್ಟುವ ಮುಂಚೆ, ದಾರಿಗೆ ಅಡ್ಡ ನಿಂತ ಕಡವೆ ಜಾತಿಯ ದೈತ್ಯ ಮೂಸ್‌ಗಳು ಸರಿಯುವ ತನಕ ಕಾಯುತ್ತಾ. ಎಡಗಾಲಿನ ಎರಡು ಬೆರಳುಗಳಿಗೆ ಸ್ಪರ್ಶವೇ ಇಲ್ಲ. ಎಂಟು ಬೆರಳು ಸಾಕು ಎನ್ನುತ್ತಾರೆ.

ಈ ಕೆಲಸಕ್ಕೆ ಮುಂಚೆ ಓಡೀಲ್ ಮನೆ ಕಾಯಿಸುವ ಎಣ್ಣೆಯ ಸರಬರಾಜಿನ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಫೋನ್ ಎತ್ತುತ್ತಿದ್ದರು. ಒಂದಿಷ್ಟು ಪ್ರಮಾಣಕ್ಕಿಂತ ಕಡಿಮೆ ಎಣ್ಣೆ ಕಳಿಸುವಂತಿಲ್ಲ ಎಂಬ ನಿಯಮ. ಆ ಕಡೆಯಿಂದ ಜನ ದನಿ ತಗ್ಗಿಸಿ, ಅರ್ಧ ಸಿಗುತ್ತಾ ಎಂದು ಕೇಳುತ್ತಿದ್ದರು. "ಒಬ್ಬಳು ತಾಯಿ ಫೋನ್ ಮಾಡಿದ್ಲು. ಇಲ್ಲ ಅಂದೆ. ಥ್ಯಾಂಕ್ಸ್ ಅಂತ ಹೇಳಿ ಇಟ್ಟಳು. ಬೈದಿದ್ರೆ ಚೆನ್ನಾಗಿತ್ತು." ಐವತ್ತನೇ ವಯಸ್ಸಿನಲ್ಲಿ ಆ ಕೆಲಸ ಬಿಟ್ಟು, ತಮಗಿಂತ ಮೂವತ್ತು ವರ್ಷ ಚಿಕ್ಕವರ ಜೊತೆ ತಾಂತ್ರಿಕ ಕಾಲೇಜಿನ ಬೆಂಚಿನಲ್ಲಿ ಕೂತು ಇದನ್ನು ಕಲಿತರು.

ಮೊದಲ ಪ್ರಯೋಗ ಸ್ವಂತ ಮನೆಯಲ್ಲೇ. ಅದು ನೆಗೆದುಬಿತ್ತು. ಹೊರಗಿನ ಪೆಟ್ಟಿಗೆಯನ್ನು ತಗಡಿನ ಸೂರಿನ ನೇರ ಕೆಳಗೆ, ನೆಲದಿಂದ ಮೊಳದೆತ್ತರದಲ್ಲಿ ಕೂರಿಸಿದ್ದರು. ಫೆಬ್ರವರಿಯಲ್ಲಿ ಸೂರಿನ ಹಿಮವೆಲ್ಲ ಒಟ್ಟಿಗೇ ಜಾರಿ ಪೆಟ್ಟಿಗೆಯ ಮೇಲೆ ಬಿದ್ದು ಫ್ಯಾನು ಮುರಿಯಿತು. ಮೈನಸ್ ಮೂವತ್ತರಲ್ಲಿ ಏಸಿ ಹಾಕಿಸಿಕೊಂಡವಳು ಎಂದು ಊರು ನಕ್ಕಿತು. ಈಗ ಅವರು ಪಂಪ್ ಆರಿಸಿಕೊಡುವ ಮನೆಗಳಲ್ಲಿ ಪೆಟ್ಟಿಗೆ ಎದೆಯೆತ್ತರದ ಕಬ್ಬಿಣದ ಕಾಲುಗಳ ಮೇಲೆ, ಹಿಮ ಜಾರದ ಗೋಡೆಯ ಕಡೆ ಇರುತ್ತದೆ.

ಆದರೆ ಓಡೀಲ್ ಅವರ ನಿಜವಾದ ವಿದ್ಯೆ ಕಾಲೇಜಿನದಲ್ಲ. ಅದು ಅಪ್ಪನ ಸೌದೆ ಗಾಡಿಯದು. ಡೇಗಲ್ ಕುಟುಂಬ ಎರಡು ತಲೆಮಾರು ಈ ಕಣಿವೆಗೆ ಸೌದೆ ಹಾಕಿದೆ. ಅಣ್ಣ ರೊಸೇರ್ ಕೊಡಲಿ ಹಿಡಿದರೆ ತಂಗಿ ಪೇರಿಸುತ್ತಿದ್ದಳು. ಯಾವ ಮನೆ ಚಳಿಗಾಲಕ್ಕೆ ಎಷ್ಟು ಲೋಡು ತಿನ್ನುತ್ತದೆ ಎಂಬುದು ಹತ್ತನೇ ವಯಸ್ಸಿಗೇ ಓಡೀಲ್ ಅವರಿಗೆ ಬಾಯಿಪಾಠ. ತಿಬೊಡೊ ಮನೆ ಎಂಟು, ಇಗರ್ಜಿ ಹಿಂದಿನ ಹಳದಿ ಮನೆ ಹನ್ನೊಂದು. ಇವತ್ತಿಗೂ ಲೆಕ್ಕದ ಯಂತ್ರ ಹೇಳುವ ಮೊದಲೇ ಆ ಮನೆಗೆ ಎಷ್ಟು ಬಿಸಿ ಬೇಕೆಂದು ಅವರಿಗೆ ಗೊತ್ತಿರುತ್ತದೆ.

ಕಷ್ಟ ಶುರುವಾಗಿದ್ದೂ ಅಲ್ಲಿಂದಲೇ. ಅಪ್ಪ ತೀರಿಕೊಂಡ ಮೇಲೆ ಸೌದೆಯ ಕೆಲಸ ರೊಸೇರ್ ಪಾಲಿಗೆ ಬಂತು. ನೂರ ನಲವತ್ತು ಮನೆಗಳಿಗೆ ಹಾಕುತ್ತಿದ್ದವರು. ತಂಗಿ ಒಂದೊಂದೇ ಮನೆಗೆ ಹೋಗಿ ಕಣ್ಣು ಮುಚ್ಚಿ ಕೂರತೊಡಗಿದ ಮೇಲೆ ನೂರಾಯಿತು, ಅರವತ್ತಾಯಿತು. ಈಗ ಮೂವತ್ತು. "ನಮ್ಮಪ್ಪನ ಗಿರಾಕಿಗಳನ್ನ ತಲೇಲಿ ತುಂಬ್ಕೊಂಡು ಹೋಗಿ ಮಾರಿಕೊಂಡಳು," ಎಂದು ರೊಸೇರ್ ಪೆಟ್ರೋಲ್ ಬಂಕಿನಲ್ಲಿ ನಾಲ್ಕು ಜನರ ಮುಂದೆ ಹೇಳಿದ್ದು ಅದೇ ಸಂಜೆ ಓಡೀಲ್ ಕಿವಿಗೆ ಬಿತ್ತು. ಅದರಲ್ಲಿ ಅರ್ಧ ನಿಜವೆಂದು ಅವರೇ ಒಪ್ಪುತ್ತಾರೆ.

ಹೊಸ ವರ್ಷದ ಬೆಳಿಗ್ಗೆ ಮನೆಯ ಹಿರಿಯನ ಮುಂದೆ ಮಂಡಿಯೂರಿ ಆಶೀರ್ವಾದ ಬೇಡುವುದು ಈ ಕಣಿವೆಯಲ್ಲಿ ಇನ್ನೂ ಉಳಿದಿದೆ. ಅಪ್ಪನಿಲ್ಲದ ಮನೆಯಲ್ಲಿ ಹಿರಿಯಣ್ಣ. ಕೂದಲು ನರೆತ ತಮ್ಮ ತಂಗಿಯರೂ ಸಾಲಾಗಿ ಮಂಡಿಯೂರುತ್ತಾರೆ, ಅವನು ತಲೆಯ ಮೇಲೆ ಕೈಯಿಟ್ಟು ಶಿಲುಬೆಯ ಗುರುತು ಮಾಡುತ್ತಾನೆ. ಆರು ವರ್ಷದ ಹಿಂದೆ ಓಡೀಲ್ ಸರದಿ ಬಂದಾಗ ರೊಸೇರ್, "ಒಲೆ ನೋಡ್ಬೇಕು," ಎಂದು ಎದ್ದು ಹೋದರು. ಅತ್ತಿಗೆ ಜೆರ್ಮೇನ್ ಬಂದು ತೋಳು ಹಿಡಿದು ಎಬ್ಬಿಸುವ ತನಕ ಓಡೀಲ್ ಹಾಗೆಯೇ ಮಂಡಿಯೂರಿದ್ದರು. ಅಂದಿನಿಂದ ಅವರು ಆ ಮನೆಯ ಮೆಟ್ಟಿಲು ಹತ್ತಿದ್ದಿಲ್ಲ. ಹೊಸ ವರ್ಷದ ಬೆಳಿಗ್ಗೆ ಒಬ್ಬರೇ ಹೆಪ್ಪುಗಟ್ಟಿದ ನದಿಯ ಮೇಲೆ ನಡೆಯುತ್ತಾರೆ.

"ಆರುನೂರು ಮನೇಲಿ ಕೂತಿದೀನಿ ಕಣಮ್ಮ," ಎಂದು ಒಮ್ಮೆ ಟ್ರಕ್ಕಿನಲ್ಲಿ, ಕೇಳದೆಯೇ, ನನಗೆ ಹೇಳಿದರು. "ಎಲ್ಲಾರೂ ಒಳಗೆ ಕರೀತಾರೆ. ಅಣ್ಣನ ಮನೆ ಮುಂದೆ ಹೋಗುವಾಗ ಮಾತ್ರ ಟ್ರಕ್ ತಾನಾಗೇ ನಿಧಾನ ಆಗುತ್ತೆ. ಅಲ್ಲಿಂದ ಸೌದೆ ಹೊಗೆ ವಾಸನೆ ಬರುತ್ತೆ, ಕಿಟಕಿ ಇಳಿಸ್ತೀನಿ. ಹುಚ್ಚು ನೋಡು, ಮೈನಸ್ ಮೂವತ್ತರಲ್ಲಿ ಕಿಟಕಿ ಇಳಿಸೋದು."

ಕಳೆದ ನವೆಂಬರಿನಲ್ಲಿ ರೊಸೇರ್ ಅವರಿಗೆ ಹೃದಯದ ಆಪರೇಷನ್ ಆಯಿತು. ಹಾಲಿನ ಡಬ್ಬಕ್ಕಿಂತ ಭಾರದ್ದು ಎತ್ತಕೂಡದು ಎಂದರು ಡಾಕ್ಟರು. ಜೆರ್ಮೇನ್ ಮಂಡಿನೋವಿನವರು, ನೆಲಮಾಳಿಗೆಯಿಂದ ಸೌದೆ ಹೊತ್ತು ತರುವುದು ಅವರಿಂದ ಎಷ್ಟು ದಿನ ಆದೀತು? ಗಂಡ ಕದ್ದುಮುಚ್ಚಿ ಎರಡು ಸಲ ಹೊತ್ತು ತಂದದ್ದನ್ನು ನೋಡಿದ ಮೇಲೆ ಅವರು ನಾದಿನಿಗೆ ಫೋನ್ ಮಾಡಿದರು. ಜನವರಿ ಮೂರನೇ ವಾರದ ಅತಿ ಚಳಿಯ ಬೆಳಗನ್ನು ಓಡೀಲ್ ಗೊತ್ತು ಮಾಡಿದರು. ಮೈನಸ್ ಮೂವತ್ತೊಂದು. "ನೀನೂ ಬಾ," ಎಂದು ನನ್ನನ್ನು ಕರೆದರು. "ಹೊರಗಿನವರು ಇದ್ರೆ ಅವನು ಬಾಗಿಲಲ್ಲಿ ನಿಲ್ಲಿಸಲ್ಲ."

ದಾರಿಯುದ್ದಕ್ಕೂ ಅವರದು ಒಂದೇ ಆತಂಕ: ಅಣ್ಣ ಒಲೆ ಹಚ್ಚಿರುತ್ತಾನೆ. ಬೇಕೆಂದೇ ಹಚ್ಚಿರುತ್ತಾನೆ. ತಿರುವು ದಾಟಿ ಆ ಮನೆ ಕಂಡಾಗ ಓಡೀಲ್ ಟ್ರಕ್ಕನ್ನು ರಸ್ತೆಯ ಮಧ್ಯೆಯೇ ನಿಲ್ಲಿಸಿದರು. ಚಿಮಣಿಯಲ್ಲಿ ಹೊಗೆ ಇರಲಿಲ್ಲ. ಸೌದೆ ಮಾರುವವನ ಮನೆಯ ಚಿಮಣಿ ಅದು. ಒಳಗೆ ಹೋದರೆ ಜೆರ್ಮೇನ್ ಫೋನಿನಲ್ಲಿ, "ಇಲ್ಲಪ್ಪಾ, ಯಾರೂ ಸತ್ತಿಲ್ಲ, ಚೆನ್ನಾಗೇ ಇದಾರೆ," ಎನ್ನುತ್ತಿದ್ದಾರೆ. ಬೆಳಗಿನಿಂದ ಅದು ನಾಲ್ಕನೆಯ ವಿಚಾರಣೆಯಂತೆ. ರೊಸೇರ್ ಕೋಟು ಟೋಪಿ ತೊಟ್ಟು, ತಣ್ಣಗಿನ ಒಲೆಯ ಪಕ್ಕ, ಮುಖ ಗೋಡೆಗೆ ಮಾಡಿ ಕೂತಿದ್ದರು.

"ಜೆರ್ಮೇನ್, ಬಂದವರಿಗೆ ಕಾಫಿ ಬೇಕಾ ಕೇಳು."

"ಅತ್ತಿಗೆ, ಬೇಡ ಅನ್ನಿ. ಮೊದಲು ಕೆಲಸ."

ಅರವತ್ತೇಳರ ಅಣ್ಣ, ಅರವತ್ತೊಂದರ ತಂಗಿ. ಎರಡು ಮಾರು ದೂರದಲ್ಲಿ ಕೂತು ಜೆರ್ಮೇನ್ ಅವರ ಮೂಲಕ ಮಾತಾಡಿದರು. ಓಡೀಲ್ ಬೂಟು ಕಳಚಿ ಕೂತರು. ಅಪ್ಪನ ಕಾಲದ ಆ ಅಡುಗೆಮನೆಯ ನೆಲದ ಮೇಲೆ ಅವರು ಅಂಬೆಗಾಲಿಟ್ಟಿದ್ದರು, ಮಂಡಿಯೂರಿದ್ದರು. ಆವತ್ತು ಚಳಿ ಮಂಡಿಗೆ ಬರುವ ಮುಂಚೆಯೇ ಅವರು ಎದ್ದುಬಿಟ್ಟದ್ದನ್ನು ನಾನು ನೋಡಿದೆ. ಕಾಗದದ ಪಟ್ಟಿಯನ್ನು ಒಂದೊಂದು ಸಂದಿಗೂ ಎರಡೆರಡು ಸಲ ಹಿಡಿದರು.

"ದಿನಾ ಕೂರೋದು ಅಲ್ಲೇನಾ ಕೇಳಿ ಅತ್ತಿಗೆ. ಗಾಳಿ ನೇರ ಎದೆಗೆ ಹೊಡೀಬಾರದು. ಪೆಟ್ಟಿಗೆ ಈ ಬಾಗಿಲ ಮೇಲೆ ಬರಲಿ. ಮಲಗೋ ಕೋಣೆ ಬಾಗಿಲು ತೆಗೆದಿಟ್ರೆ ಅಲ್ಲಿಗೂ ಹೋಗುತ್ತೆ. ಒಂದೇ ಸಾಕು."

"ಮೈನಸ್ ಮೂವತ್ತೈದು ಆದ ದಿನ ಅವಳ ಪೆಟ್ಟಿಗೆ ಏನು ಮಾಡುತ್ತೆ, ಕೇಳು," ಎಂದರು ರೊಸೇರ್ ಗೋಡೆಗೆ.

ಜೆರ್ಮೇನ್ ಇಬ್ಬರ ಮುಖ ನೋಡಿದರು. ಬೇರೆ ಯಾರೇ ಆಗಿದ್ದರೂ ಅಣ್ಣನನ್ನು ಒಲಿಸಿಕೊಳ್ಳಲು ಇಲ್ಲಿ ಒಂದು ಸುಳ್ಳು ಹೇಳುತ್ತಿದ್ದರು, ಅಥವಾ ಸೌದೆಯನ್ನು ಹೊಗಳುತ್ತಿದ್ದರು. ಓಡೀಲ್ ಎರಡನ್ನೂ ಮಾಡಲಿಲ್ಲ.

"ಆವತ್ತು ಅದೊಂದರಿಂದಲೇ ಆಗಲ್ಲ ಅತ್ತಿಗೆ. ವರ್ಷದಲ್ಲಿ ಅಂಥವು ಎಂಟೋ ಹತ್ತೋ ದಿನ ಬರುತ್ತೆ. ಒಲೆ ತೆಗೀಬೇಡಿ. ಎರಡು ಲೋಡು ಸೌದೆ ಮೇಲೇ ಇಡಿಸಿಕೊಳ್ಳಿ, ಕೈಗೆ ಸಿಗೋ ಹಾಗೆ."

ರೊಸೇರ್ ಕುರ್ಚಿಯಲ್ಲೇ ತಿರುಗಿದರು. "ಮೂರು," ಎಂದರು.

"ಎರಡು ಸಾಕಣ್ಣ."

"ಈ ಮನೆಗೆ ಮೂರು ಬೇಕು."

"ಗಾಳಿ ಬರೋ ಕಡೆ ಎಲ್ಲಾ ಮುಚ್ಚಿಸ್ತೀನಿ. ಎರಡು."

ಆರು ವರ್ಷದಲ್ಲಿ ಅಣ್ಣ ತಂಗಿ ನೇರವಾಗಿ ಆಡಿದ ಮಾತು ಇಷ್ಟೇ. ರೊಸೇರ್ ಮತ್ತೆ ಗೋಡೆಯ ಕಡೆ ತಿರುಗಿಕೊಂಡರು. ನಾವು ಹೊರಡುವಾಗ ಕತ್ತು ಎತ್ತಲಿಲ್ಲ. ಟ್ರಕ್ಕಿನ ಗಾಜಿನ ಹಿಮ ಕೆರೆದು ಒಳಗೆ ಕೂತು ಓಡೀಲ್ ಕೀಲಿ ತಿರುಗಿಸಿದರು. "ಅವನು ಹೇಳಿದ್ದು ಸರಿ," ಎಂದರು. "ಹಳೇ ಲೆಕ್ಕದಲ್ಲಿ ಮೂರೇ."

ಫೆಬ್ರವರಿ ಮೊದಲ ವಾರ ಪೆಟ್ಟಿಗೆ ಕೂತಿತು. ಈಗ ಎರಡು ವಾರವಾಗಿದೆ. ನಾನು ಇದನ್ನು ಬರೆಯುತ್ತಿರುವುದು ಓಡೀಲ್ ಅವರ ಅಡುಗೆಮನೆಯಲ್ಲಿ, ಅವರು ಕಾಲಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಎದುರಿಗೆ ಕೂತಿರುವಾಗ. ಒಳ್ಳೆಯ ಆಯ್ಕೆ ಮಾಡಿದ್ದೇನೆ ಎಂದು ನಿಮಗೆ ಹೇಗೆ ತಿಳಿಯುತ್ತದೆ ಎಂದು ಕೇಳುತ್ತೇನೆ. "ಅವರು ನನ್ನ ಮರೆತುಬಿಡ್ತಾರೆ," ಎನ್ನುತ್ತಾರೆ. "ಚೆನ್ನಾಗಿ ಆರಿಸಿದ್ರೆ ಫೋನೇ ಬರಲ್ಲ."

ಹಾಗಾದರೆ ಅಣ್ಣನ ಮನೆಯಲ್ಲಿ ಹೇಗೆ ನಡೆಯುತ್ತಿದೆ? ಜೆರ್ಮೇನ್ ನಿನ್ನೆ ಇಗರ್ಜಿಯಲ್ಲಿ ಸಿಕ್ಕಿದ್ದರಂತೆ. ರೊಸೇರ್ ದಿನಾ ಮಲಗುವ ಮುಂಚೆ ಯಂತ್ರವನ್ನು ಬಂದ್ ಮಾಡಿಬಿಡುತ್ತಾರಂತೆ. ಜೀವನವಿಡೀ ಕೆಂಡದ ಮೇಲೆ ಬೂದಿ ಮುಚ್ಚಿ ಮಲಗಿ, ಬೆಳಿಗ್ಗೆ ಕೆದಕಿ ಉರಿ ಮಾಡಿದವರ ಅಭ್ಯಾಸ ಅದು. ಸೌದೆ ಒಲೆಯ ಮನೆಗಳಲ್ಲಿ ಮೊದಲ ತಿಂಗಳು ಎಲ್ಲರೂ ಮಾಡುವ ತಪ್ಪು. ಹೀಟ್ ಪಂಪಿಗೆ ಆರುವುದು ಉರಿಯುವುದು ಎಂಬುದಿಲ್ಲ. ಒಂದು ಮಟ್ಟಕ್ಕೆ ಇಟ್ಟು ಕೈ ಬಿಟ್ಟುಬಿಡಬೇಕು. ತಣ್ಣಗಾದ ಮನೆಯನ್ನು ಬೆಳಗಿನ ಚಳಿಯಲ್ಲಿ ಮೇಲೆತ್ತಲು ಅದು ಮಧ್ಯಾಹ್ನದ ತನಕ ಏದುಸಿರು ಬಿಡುತ್ತದೆ. ರೊಸೇರ್ ಎರಡು ರಜಾಯಿ ಹೊದ್ದು, "ಕೆಲಸಕ್ಕೆ ಬಾರದ್ದನ್ನ ತಂದಿಟ್ಟಿದಾಳೆ," ಎಂದು ಗೊಣಗುತ್ತಿದ್ದಾರಂತೆ.

"ಬೇರೆ ಮನೆಯಾಗಿದ್ರೆ?" ನಾನು ಕೇಳುತ್ತೇನೆ.

"ಅದೇ ದಿನ ಹೋಗಿ ಹೇಳಿರ್ತಿದ್ದೆ. ಗುಂಡಿ ಮೇಲೆ ಟೇಪ್ ಅಂಟಿಸಿ ಬಂದಿರ್ತಿದ್ದೆ."

"ಜೆರ್ಮೇನ್‌ಗೆ ಹೇಳಿದಿರಾ?"

ತಲೆಯಾಡಿಸುತ್ತಾರೆ. ಹೇಳಿಲ್ಲ. ಆರುನೂರ ಎಂಬತ್ತು ಮನೆಗಳಲ್ಲಿ ಓಡೀಲ್ ಡೇಗಲ್ ಗೊತ್ತಿದ್ದೂ ತಿದ್ದದೆ ಬಿಟ್ಟ ತಪ್ಪು ಇದೊಂದೇ. ನನಗೆ ಸಿಟ್ಟು ಬರುತ್ತದೆ. ಎದೆ ಕೊಯ್ಸಿಕೊಂಡ ಮನುಷ್ಯ ಬೆಳಗಿನ ಚಳಿಯಲ್ಲಿ ನಡುಗುತ್ತಿದ್ದಾರೆ, ಇದೇನು ಹಟ ಎಂದು ಬಾಯಿಬಿಟ್ಟು ಅಂದೇಬಿಡುತ್ತೇನೆ. ಅವರು ಬೈಗುಳವನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಮೇಜಿನ ಮೇಲಿನ ಫೋನನ್ನು ತುಸು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

"ಎರಡು ನಿಮಿಷದ ಮಾತು ಕಣಮ್ಮ. ಹೇಳ್ಬಿಟ್ರೆ ಮುಗೀತು. ಮನೆ ಬೆಚ್ಚಗಾಗುತ್ತೆ. ಆಮೇಲೆ ಅವನಿಗೆ ನನ್ನ ಹತ್ರ ಏನು ಕೆಲಸ?" ಕಾಲಿನ ಚೀಲ ಸರಿಮಾಡಿಕೊಳ್ಳುತ್ತಾರೆ. "ನಾಳೆ ಬೆಳಿಗ್ಗೆ ನಾನೇ ಹೋಗಿ ಹೇಳ್ತೀನಿ, ಇರು. ಇವತ್ತೊಂದು ದಿನ ಬಿಟ್ಟುಬಿಡು. ಬೈಯೋದಕ್ಕಾದ್ರೂ ಸರಿ, ಅವನೇ ಒಂದು ಫೋನ್ ಮಾಡ್ಲಿ ನನಗೆ."